ಡಿಕ್ಲರೇಶನ್ ಕಡತ ಹಿಡಿದು ಭೂಸುಧಾರಣೆ ಕಲಿಸುವುದು

ಕರ್ನಾಟಕದ ಭೂಸುಧಾರಣೆ ಕಾಯ್ದೆಯನ್ನು ಕಲಂಗಳ ಪಟ್ಟಿಯಾಗಿ ಬರೆಸಿದರೆ ಪರೀಕ್ಷೆಯ ಮರುದಿನ ಏನೂ ಉಳಿಯುವುದಿಲ್ಲ. ಮಂಗಳೂರು, ಉಡುಪಿಯ ಕಾಲೇಜುಗಳಿಗೆ ಇದಕ್ಕಿಂತ ಒಳ್ಳೆಯ ದಾರಿಯಿದೆ: ಜಮೀನನ್ನು ಗೇಣಿಗೆ (ಬಾಡಿಗೆಗೆ) ಪಡೆದು ಉಳುತ್ತಿದ್ದವರ ಡಿಕ್ಲರೇಶನ್, ಅಂದರೆ ಹಕ್ಕಿನ ಅರ್ಜಿಗಳನ್ನು, ತೀರ್ಮಾನಿಸುತ್ತಿದ್ದ ಭೂನ್ಯಾಯಮಂಡಳಿಯ ಒಂದು ಹಳೆಯ ಕಡತ, ನಾಲ್ಕು ಪೀರಿಯಡ್.

ಕಡತದ ನಕಲಿಗೆ ತಾಲೂಕು ಕಚೇರಿಯಲ್ಲಿ ಅರ್ಜಿ ಹಾಕಬೇಕು. ಪ್ರಕರಣದ ಸಂಖ್ಯೆ ಇಲ್ಲದೆ ಹೋದರೆ ಹುಡುಕುವವರಿಲ್ಲ. ಯಾರದಾದರೂ ಮನೆಯಲ್ಲಿರುವ ಹಳೆಯ ಆದೇಶದಲ್ಲೋ ಫಾರಂ 10 ಎಂಬ ಹಕ್ಕುಪತ್ರದಲ್ಲೋ ಅದು ಸಿಗುತ್ತದೆ. ಕೈಗೆ ಬರಲು ವಾರಗಟ್ಟಲೆ ಹಿಡಿಯಬಹುದು, ಸೆಮಿಸ್ಟರ್ ಶುರುವಾಗುವ ಮೊದಲೇ ಅರ್ಜಿ ಕೊಡಿ. ತಕರಾರು ಇದ್ದ ಕಡತವನ್ನೇ ಆರಿಸಿ. ಹಂಚುವ ಪ್ರತಿಯಲ್ಲಿ ವ್ಯಕ್ತಿಗಳ ಹೆಸರು ಮಾತ್ರ ಅಳಿಸಿದರೆ ಸಾಲದು. ಇಲ್ಲಿ ಗುತ್ತಿನ (ಊರಿನ ಹಿರಿಮನೆತನದ) ಹೆಸರೋ ಮನೆಹೆಸರೋ ಉಳಿದರೆ ಜಾತಿ, ಊರು, ಕುಟುಂಬ ಮೂರೂ ಬಯಲಾಗುತ್ತವೆ. ಸರ್ವೆ ನಂಬರನ್ನೂ ಮುಚ್ಚಿ. ಭೂಮಿ ಪಡೆದವರ ಮೊಮ್ಮಕ್ಕಳೂ ಕಳೆದುಕೊಂಡವರ ಮೊಮ್ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಗೇಣಿಗೆ ಉಳುವವರು ಒಕ್ಕಲು, ಜಮೀನಿನ ಒಡೆಯರು ಧನಿ; 'ನಿಮ್ಮದು ಒಕ್ಕಲಾ, ಧನಿಯಾ' ಎಂದು ತರಗತಿಯಲ್ಲಿ ಯಾರನ್ನೂ ಕೇಳಬಾರದು.

ಮೊದಲ ಪೀರಿಯಡ್‌ನಲ್ಲಿ ಕಾಯ್ದೆಯ ಮಾತೇ ಬೇಡ. ಹದಿನೈದು ನಿಮಿಷ ಕಡತ ಓದಿಸಿ. ಕೇಳಿದವರು ಯಾರು, ಯಾರ ಜಮೀನು, ಎಷ್ಟು, ಗೇಣಿ ಏನು, ಸಾಕ್ಷಿ ಯಾರು? ವಿಸ್ತೀರ್ಣದಲ್ಲೇ ಮೊದಲ ಎಡವಟ್ಟು. ನಮ್ಮ ಜಿಲ್ಲೆಗಳ ದಾಖಲೆ ಎಕರೆ-ಸೆಂಟ್ಸ್‌ನಲ್ಲಿದೆ, ಘಟ್ಟದ ಮೇಲಿನದು ಎಕರೆ-ಗುಂಟೆಯಲ್ಲಿ. ನಮ್ಮಲ್ಲಿ 0.40 ಅಂದರೆ ನೂರರಲ್ಲಿ ನಲವತ್ತು ಪಾಲು. ಅಲ್ಲಿ 40 ಗುಂಟೆ ಅಂದರೆ ಪೂರ್ತಿ ಒಂದು ಎಕರೆ. ಆಮೇಲೆ ಗದ್ದೆಯ ವಿಧಗಳು: ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು. ನೀರು ನಿಲ್ಲುವ ಬೈಲಿನ ಒಂದೆಕರೆಯನ್ನೂ ಮಳೆ ನಂಬಿದ ಬೆಟ್ಟಿನ ಒಂದೆಕರೆಯನ್ನೂ ಸಮ ಎಂದು ಬರೆದರೆ ಲೆಕ್ಕವೆಲ್ಲ ತಪ್ಪು. ಗೇಣಿ ಅಕ್ಕಿ ಮುಡಿಯಲ್ಲಿ, ಅಂದರೆ ಹುಲ್ಲಿನಲ್ಲಿ ಕಟ್ಟಿದ ಅಕ್ಕಿಮೂಟೆಯ ಲೆಕ್ಕದಲ್ಲಿ, ಇರುತ್ತದೆ. ಮುಡಿಯ ಅಳತೆ ಎಲ್ಲ ಕಡೆ ಒಂದೇ ಇರಲಿಲ್ಲ, ಆದ್ದರಿಂದ ಕಿಲೋಗೆ ಪರಿವರ್ತಿಸಲು ಅವಸರ ಬೇಡ.

ಬೋರ್ಡಿನ ಮೇಲೆ ಧನಿ-ಒಕ್ಕಲು ಎಂದು ಎರಡೇ ಹೆಸರು ಬರೆಯುವುದು ಸಾಮಾನ್ಯ ತಪ್ಪು. ಮೇಲೆ ಸರಕಾರಕ್ಕೆ ಕಂದಾಯ ಕಟ್ಟುವ ವರ್ಗದಾರ, ಕೆಳಗೆ ಶಾಶ್ವತ ಹಕ್ಕಿನ ಮೂಲಗೇಣಿದಾರ, ಅವನ ಕೆಳಗೆ ಯಾವಾಗ ಬೇಕಾದರೂ ಎಬ್ಬಿಸಬಹುದಾದ ಚಾಲಗೇಣಿದಾರ. ನಡುವಿನವನು ಒಬ್ಬರಿಗೆ ಒಕ್ಕಲು, ಇನ್ನೊಬ್ಬರಿಗೆ ಧನಿ. ತಕರಾರಿನ ಕಡತಗಳ ರಸವೆಲ್ಲ ಅವನಲ್ಲೇ.

ಎರಡನೆಯ ಪೀರಿಯಡ್ ಕಾಯ್ದೆಗೆ. 1961ರ ಕಾಯ್ದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬಂತು. ಚಿತ್ರ ಬದಲಿಸಿದ ತಿದ್ದುಪಡಿ 1974ರ ಮಾರ್ಚ್ 1ರಿಂದ. ಮುಖ್ಯವಾಗಿ 44, 45, ಮಂಡಳಿಗೆ ಸಂಬಂಧಿಸಿದ 48, 48-ಎ ಇಷ್ಟು ಕಲಂ ಸಾಕು. 'ಧನಿಯ ಭೂಮಿ ಒಕ್ಕಲಿಗೆ ಹೋಯಿತು' ಎಂದು ಬರೆದ ಉತ್ತರಕ್ಕೆ ಅಂಕ ಕತ್ತರಿಸಿ. 44ರ ಪ್ರಕಾರ ಭೂಮಿ ಮೊದಲು ಸರಕಾರಕ್ಕೆ ಸೇರಿತು, 45ರ ಪ್ರಕಾರ ಸ್ವತಃ ಸಾಗುವಳಿ ಮಾಡುತ್ತಿದ್ದವನಿಗೆ ಅಧಿಭೋಗದ ಹಕ್ಕು, ಅಂದರೆ ಭೂಮಿಯನ್ನು ತನ್ನದಾಗಿ ಅನುಭವಿಸುವ ಹಕ್ಕು, ಬಂತು. ಹಾಗೆ ಬಂದ ಭೂಮಿಯನ್ನು ಹದಿನೈದು ವರ್ಷ ಮಾರುವಂತಿಲ್ಲ ಎಂಬ 61ನೇ ಕಲಂ ಆಗ ತಾನಾಗಿ ಅರ್ಥವಾಗುತ್ತದೆ. ಫಾರಂ 7, ಅಂದರೆ ಊರಿನವರ ಬಾಯಲ್ಲಿ ಡಿಕ್ಲರೇಶನ್, ಕೊಡುವ ಗಡುವು ಮುಂದೂಡುತ್ತ ಹೋಗಿ 1979ರ ಜೂನ್ 30ಕ್ಕೆ ನಿಂತಿತು.

ಮೂರನೆಯದರಲ್ಲಿ ಮಂಡಳಿಯನ್ನು ಕೂರಿಸಿ. ಅಧ್ಯಕ್ಷರಾಗಿ ಅಸಿಸ್ಟೆಂಟ್ ಕಮಿಷನರ್, ಜೊತೆಗೆ ನಾಲ್ವರು ನಾಮನಿರ್ದೇಶಿತ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮಕ್ಕಳು ಕೂಡಲೇ ವಕೀಲರನ್ನು ಎಬ್ಬಿಸಿ 'ಯುವರ್ ಆನರ್' ಶುರುಮಾಡುತ್ತಾರೆ. ಬಿಡಬೇಡಿ. ವಕೀಲರು ಮಂಡಳಿಯ ಮುಂದೆ ಬರಬಾರದೆಂದು 48(8) ಹೇಳುತ್ತಿತ್ತು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿದ್ದು 1987ರಲ್ಲಿ. ಗೇಣಿ ಚೀಟಿ ಇಲ್ಲದ ಒಕ್ಕಲು ಸಾಗುವಳಿಯನ್ನು ಬಾಯಿಮಾತಿನಲ್ಲಿ ಸಾಬೀತು ಮಾಡಲಿ. ಧನಿಯ ಪಾತ್ರಕ್ಕೆ ಎರಡೆಕರೆಯ ವಿಧವೆಯನ್ನು ಕೊಡಿ. ಮೀಸೆ ತಿರುವುವ ಸಿನಿಮಾ ಜಮೀನ್ದಾರ ಬಂದರೆ ತೀರ್ಪು ಮೊದಲೇ ನಿಶ್ಚಯವಾಗಿಬಿಡುತ್ತದೆ, ವಾದಕ್ಕೆ ಜಾಗವೇ ಇರುವುದಿಲ್ಲ.

ಕೊನೆಯ ಪೀರಿಯಡ್‌ಗೆ ಒಂದೇ ಪ್ರಶ್ನೆ: ಈ ಕಡತದಲ್ಲಿ ಯಾರಿಲ್ಲ? ಗೇಣಿಯೇ ಇಲ್ಲದ ಕೂಲಿಯಾಳು ಇಲ್ಲ. 38ನೇ ಕಲಂನಲ್ಲಿ ಅವನಿಗೆ ಸಿಕ್ಕಿದ್ದು ವಾಸದ ಮನೆಯ ಹಕ್ಕು. ಅರ್ಜಿದಾರ ಅಳಿಯಸಂತಾನದ (ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿಯ) ಮನೆಯ ಯಜಮಾನನಾದರೆ ಅವನ ಅಕ್ಕತಂಗಿಯರು ಎಲ್ಲಿ? ಗೇಣಿ ಅವನ ಸ್ವಂತದ್ದೋ ಕುಟುಂಬದ್ದೋ? ಇಲ್ಲಿ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯನ್ನೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 7(2)ನ್ನೂ ತನ್ನಿ. ಅಳಿಯಸಂತಾನ ಎಂದರೆ ಹೆಂಗಸರ ಆಳ್ವಿಕೆ ಎಂಬ ಉತ್ಸಾಹವನ್ನು ಅಲ್ಲೇ ತಡೆಯಿರಿ: ಆಸ್ತಿ ತಾಯಿಯ ಕಡೆಯಿಂದ ಹರಿಯುವುದು ಬೇರೆ, ಯಜಮಾನಿಕೆ ಯಾರ ಕೈಯಲ್ಲಿತ್ತೆಂಬುದು ಬೇರೆ.

ಹಿರಿಯರನ್ನು ಮಾತಾಡಿಸಲು ಕಳಿಸುವಾಗ 'ಶೋಷಣೆ ಇತ್ತೇ' ಎಂದು ಕೇಳಿಸಬೇಡಿ. ಎಷ್ಟು ಮುಡಿ, ಅಳೆದವರು ಯಾರು, ಹೊತ್ತು ಕೊಂಡುಹೋದವರು ಯಾರು ಎಂದು ಕೇಳಲಿ. ತುಳುವಿನಲ್ಲೋ ಕೊಂಕಣಿಯಲ್ಲೋ ಹೇಳಿದ್ದನ್ನು ಹಾಗೇ ಬರೆದುಕೊಂಡು ಕೆಳಗೆ ಕನ್ನಡ ಕೊಡಲಿ. ಹಿರಿಯರು 1965ನ್ನೂ 1974ನ್ನೂ ಬೆರೆಸಬಹುದು. ದೇವರಾಜ ಅರಸು ಸರಕಾರದ ಕೆಲಸವನ್ನು ನೇರ ಇಂದಿರಾ ಗಾಂಧಿಯವರ ಲೆಕ್ಕಕ್ಕೆ ಬರೆಯಬಹುದು. ಟಿಪ್ಪಣಿಯಲ್ಲಿ ಅದನ್ನು ತಿದ್ದದೆ, ಸರಿಯಾದ ಇಸವಿಯನ್ನು ಪಕ್ಕದ ಅಂಚಿನಲ್ಲಿ ಬರೆಯಲು ಹೇಳಿ.