ಟರ್ಕಿಯನ್ನು ಭಾನುವಾರವೇ ಫ್ರಿಜ್‌ಗೆ ಇಳಿಸಿ

ನವೆಂಬರ್ ನಾಲ್ಕನೇ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅಂದಿನ ಊಟಕ್ಕೆ ಟರ್ಕಿ, ಅಂದರೆ ಕೋಳಿಗಿಂತ ಬಲು ದೊಡ್ಡ ಹಕ್ಕಿಯನ್ನು, ಇಡಿಯಾಗಿ ಓವನ್‌ನಲ್ಲಿ ಬೇಯಿಸುತ್ತಾರೆ. ನಮ್ಮ ಮಂಡ್ಯದ ಕಡೆ ಬಾಡೂಟ ಅಂದರೆ ಬೆಳಿಗ್ಗೆ ಕೋಳಿ ಕುಯ್ಯಿಸಿ ತಂದು ಮಧ್ಯಾಹ್ನಕ್ಕೆ ಸಾರು. ಇಲ್ಲಿಗೆ ಬಂದ ಮೊದಲ ವರ್ಷ ನಾನೂ ಅದೇ ಲೆಕ್ಕದಲ್ಲಿ ಬುಧವಾರ ಸಂಜೆ ಹೆಪ್ಪುಗಟ್ಟಿದ 14 ಪೌಂಡಿನ ಟರ್ಕಿ ತಂದೆ. ಗುರುವಾರ ಬೆಳಿಗ್ಗೆ ಅದರ ಹೊಟ್ಟೆಯೊಳಗೆ ಕೈ ಹಾಕಿದರೆ ಬೆರಳು ಮರಗಟ್ಟಿತು. ಒಳಗೆ ಬರೀ ಐಸ್ ಗಡ್ಡೆ. ಪಕ್ಕದ ಮನೆಯ ವಯಸ್ಸಾದ ಗಂಡ ಹೆಂಡತಿಯನ್ನು ಊಟಕ್ಕೆ ಕರೆದಿದ್ದೆವು. ರಾತ್ರಿ ಎಂಟಾದರೂ ತೊಡೆ ಬೇಯಲಿಲ್ಲ. ಅವರು ಅನ್ನ, ತಿಳಿಸಾರು ಉಂಡು ಹೋದರು. ಕರೆದವರಿಗೆ ಹೊತ್ತಿಗೆ ಸರಿಯಾಗಿ ಬಡಿಸಲಾಗಲಿಲ್ಲವಲ್ಲ ಅನ್ನುವ ಸಂಕಟ ಇನ್ನೂ ಹೋಗಿಲ್ಲ.

ಅದಕ್ಕೇ ಹೇಳುತ್ತೇನೆ, ಭಾನುವಾರ ಬೆಳಿಗ್ಗೆಯೇ ಫ್ರೀಜರ್‌ನಿಂದ ತೆಗೆದು ಫ್ರಿಜ್‌ನಲ್ಲಿ ಎಲ್ಲಕ್ಕಿಂತ ಕೆಳಗೆ, ಅಗಲವಾದ ತಟ್ಟೆಯಲ್ಲಿಡಿ. 4-5 ಪೌಂಡ್ ಕರಗಲು ಒಂದು ದಿನ ಬೇಕು. ಅಡುಗೆಕಟ್ಟೆಯ ಮೇಲೆ ಬಿಡಬೇಡಿ. ತಡವಾಯಿತಾ? ಕವರ್ ಬಿಚ್ಚದೆ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಒಂದೊಂದು ಪೌಂಡಿಗೂ ಅರ್ಧ ಗಂಟೆ ಹಿಡಿಯುತ್ತದೆ.

ಅರಿಶಿನ ಹಾಕಿ ನಾಲ್ಕು ನೀರಿನಲ್ಲಿ ತೊಳೆಯದಿದ್ದರೆ ನಮಗೆ ಮನಸ್ಸು ಒಪ್ಪುವುದಿಲ್ಲ, ಅಲ್ವಾ? ದಯವಿಟ್ಟು ತೊಳೆಯಬೇಡಿ. ಹಸಿ ಮಾಂಸದ ನೀರು ಸಿಂಕ್ ಸುತ್ತ ಸಿಡಿದು ಪಕ್ಕದ ಕೊತ್ತಂಬರಿ ಸೊಪ್ಪಿನ ಮೇಲೂ ಬೀಳುತ್ತದೆ. ಅದನ್ನು ನಾವು ಹಸಿಯಾಗಿಯೇ ಉದುರಿಸುತ್ತೇವೆ. ರೋಗಾಣು ಸಾಯುವುದು ಬೆಂದಾಗ, ತೊಳೆದಾಗಲ್ಲ. ಪೇಪರ್ ಟವೆಲ್‌ನಿಂದ ಒತ್ತಿ ಒರೆಸಿದರೆ ಸಾಕು. ಹೊಟ್ಟೆಯೊಳಗೆ, ಕತ್ತಿನ ಹತ್ತಿರ ತಡಕಿ ನೋಡಿ. ಈಲಿ, ಗುಂಡಿಗೆ ತುಂಬಿದ ಪುಟ್ಟ ಚೀಲ ಇರುತ್ತದೆ, ತೆಗೆದಿಡಿ.

ಬುಧವಾರ ರಾತ್ರಿ ಉಪ್ಪು ಸವರಿ. ಮೊದಲೇ ಉಪ್ಪುನೀರು ಸೇರಿಸಿದ ಟರ್ಕಿಯೂ ಸಿಗುತ್ತದೆ, ಲೇಬಲ್ ಓದಿಕೊಳ್ಳಿ. ಬೆಣ್ಣೆಗೆ ಬೆಳ್ಳುಳ್ಳಿ, ಕರಿಮೆಣಸು, ಧನಿಯ ಪುಡಿ ಕಲಸಿ ಚರ್ಮದ ಕೆಳಗೆ ತುಂಬಿದರೆ ನಮ್ಮ ನಾಲಿಗೆಗೆ ಹಿಡಿಸುತ್ತದೆ. ಬಾಡಿಗೆ ಮನೆಯ ಓವನ್, ಹೊಗೆ ಅಲಾರಂ ಹಿಂದಿನ ವಾರವೇ ನೋಡಿಸಿಕೊಳ್ಳಿ. 325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 14 ಪೌಂಡಿಗೆ ಹೆಚ್ಚುಕಡಿಮೆ ನಾಲ್ಕು ಗಂಟೆ. ಗಡಿಯಾರ, ಬಣ್ಣ ಎರಡನ್ನೂ ನಂಬಬೇಡಿ. ಥರ್ಮಾಮೀಟರನ್ನು ಮೂಳೆಗೆ ತಾಗದಂತೆ ತೊಡೆಗೂ ಎದೆಗೂ ದಪ್ಪ ಇರುವ ಕಡೆ ಚುಚ್ಚಿ. ಎರಡೂ ಕಡೆ 165 ತೋರಿಸಬೇಕು. ತೆಗೆದ ಮೇಲೆ ಅರ್ಧ ಗಂಟೆ ಕತ್ತರಿಸಬೇಡಿ, ರಸ ಹರಿದುಹೋಗುತ್ತದೆ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮೂಳೆ ಮಾತ್ರ ಎಸೆಯಬೇಡಿ. ಶುಕ್ರವಾರ ಅದನ್ನು ಕುದಿಸಿ, ಊರಿನಿಂದ ಅವ್ವ ಕಳಿಸಿದ ಸಾರಿನ ಪುಡಿ ಹಾಕಿ ಸಾರು ಮಾಡುತ್ತೇನೆ, ಜೊತೆಗೆ ಮುದ್ದೆ. ನಾಟಿಕೋಳಿಯ ಘಮ ಬರುವುದಿಲ್ಲ. ಇಲ್ಲೇ ಹುಟ್ಟಿದ ಮಗಳಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಅವಳಿಗೆ ಹಬ್ಬದ ವಾಸನೆ ಅಂದರೆ ಓವನ್‌ನಿಂದ ಬರುವ ಬೆಣ್ಣೆಯ ವಾಸನೆಯೇ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದನ್ನು ಮಾತ್ರ ಆ ಶುಕ್ರವಾರಗಳಲ್ಲೇ ನನ್ನನ್ನು ನೋಡಿ ಕಲಿತಳು.