ಮೋಟಾರು ಪೆಟ್ಟಿಗೆಯ ಬೀಗ

ಬೆಂಗಳೂರಿನ ವಿಜಯನಗರದಲ್ಲಿ ಅಪ್ಪ ಕಟ್ಟಿಸಿದ ಮನೆ ನಮ್ಮದು. ಕೆಳಗೆ ನಾವು, ಮೇಲೆ ಆರು ಬಾಡಿಗೆ ಮನೆ. ಮೋಟಾರಿನ ಸ್ವಿಚ್ಚಿಗೆ ಮರದ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ, ಬೀಗದ ಕೈ ಅಪ್ಪನ ಉಡಿದಾರದಲ್ಲಿ. ಅವರು ಹೋದ ಮೇಲೆ ಅದು ನನ್ನ ಕೈಗೆ ಬಂತು. ಅದರ ಜೊತೆ ಅವರ ಗತ್ತೂ ಬಂದಿತ್ತೆಂದು ಆಗ ನನಗೆ ಹೊಳೆದಿರಲಿಲ್ಲ.

2024ರ ಮಾರ್ಚಿನಲ್ಲಿ ಕೊಳವೆಬಾವಿ ಬತ್ತಿತು. ಟ್ಯಾಂಕರ್ ತರಿಸಿದೆ, ಖರ್ಚನ್ನು ಆರು ಮನೆಗೆ ಸಮನಾಗಿ ಹಂಚಿ ಬಾಗಿಲುಗಳಿಗೆ ಚೀಟಿ ಸಿಕ್ಕಿಸಿದೆ. ಎರಡನೆಯ ಮಹಡಿಯಲ್ಲಿ ಒಬ್ಬರೇ ಇದ್ದ ನಿವೃತ್ತ ಶಿಕ್ಷಕಿ ಚೀಟಿ ಹಿಡಿದು ಇಳಿದು ಬಂದರು. "ನಾನೊಬ್ಬಳು, ಎದುರು ಮನೆಯಲ್ಲಿ ಐದು ಜನ. ಇಬ್ಬರಿಗೂ ಒಂದೇ ಲೆಕ್ಕವೇನಪ್ಪಾ? ಅಲ್ಲದೆ ಈ ಕಟ್ಟಡದಲ್ಲಿ ಇರುವುದು ಏಳು ಮನೆಯಲ್ಲವೇ?" ಏಳನೆಯದು ನನ್ನದು. ಬಿಟ್ಟಿದ್ದೆ.

ಭಾನುವಾರ ಎಲ್ಲರನ್ನೂ ತಾರಸಿಗೆ ಕರೆದೆ. ನನ್ನ ತೀರ್ಮಾನ ಓದಿದೆ, ಏನಾದರೂ ಇದ್ದರೆ ಹೇಳಿ ಎಂದೆ. ಯಾರೂ ಬಾಯಿ ಬಿಡಲಿಲ್ಲ. ಕಾಫಿ ಕುಡಿದು ಎದ್ದು ಹೋದರು. ರಾತ್ರಿ ಹೆಂಡತಿ ಹೇಳಿದಳು: "ಹತ್ತು ತಿಂಗಳ ಅಡ್ವಾನ್ಸ್ ನಿಮ್ಮ ಕೈಯಲ್ಲಿದೆ, ಕರಾರು ಬರೀ ಹನ್ನೊಂದು ತಿಂಗಳಿನದು. ಮುಖಕ್ಕೆ ಮುಖ ಕೊಟ್ಟು ಯಾರು ಮಾತಾಡುತ್ತಾರೆ?"

ಮುಂದಿನ ವಾರ ತೀರ್ಮಾನವನ್ನು ಕೆಳಗೇ ಬಿಟ್ಟು ಹೋದೆ. ಟ್ಯಾಂಕರ್ ರಸೀದಿ, ಮೋಟಾರಿನ ವಿದ್ಯುತ್ ಬಿಲ್ಲು, ಮೆಟ್ಟಿಲು ಗುಡಿಸುವವರ ಸಂಬಳದ ಲೆಕ್ಕ, ಎಲ್ಲವನ್ನೂ ಚಾಪೆಯ ಮೇಲೆ ಹರಡಿದೆ. ಬಾಡಿಗೆ ಎಷ್ಟು, ಮನೆ ಯಾರಿಗೆ ಎನ್ನುವುದು ನನ್ನದು. ನೀರು, ಮೆಟ್ಟಿಲ ದೀಪ, ಗಾಡಿ ನಿಲ್ಲಿಸುವ ಜಾಗ ನೀವು ನಿರ್ಧರಿಸಿ, ನಾನೂ ಒಂದು ಮನೆಯವನಾಗಿ ಕೂರುತ್ತೇನೆ ಎಂದೆ. ಆಗ ಬಾಯಿ ಬಂತು. ಆಟೊ ಓಡಿಸುವವರೊಬ್ಬರು ರಸೀದಿ ನೋಡಿ, ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ ಜಿಲ್ಲಾಡಳಿತ 600 ರೂಪಾಯಿ ನಿಗದಿ ಮಾಡಿದೆ, ನೀವು ಕೊಟ್ಟದ್ದೆಷ್ಟು ಎಂದರು. ನಾಚಿಕೆಯಾಯಿತು. ಆ ದರಕ್ಕೆ ಯಾರೂ ಬರಲಿಲ್ಲ, ಅದು ಬೇರೆ ಮಾತು; ಚೌಕಾಸಿಯನ್ನಂತೂ ಅಂದಿನಿಂದ ಅವರೇ ವಹಿಸಿಕೊಂಡರು.

ಮನೆಗೊಂದು ಮೀಟರ್ ಹಾಕಿಸೋಣ ಎಂಬ ನನ್ನ ಸಲಹೆ ಬಿದ್ದುಹೋಯಿತು. ಅಡುಗೆಮನೆಗೆ ಒಂದು ಪೈಪು, ಬಚ್ಚಲಿಗೆ ಇನ್ನೊಂದು; ಒಂದು ಮನೆಗೆ ಎರಡು ಮೀಟರ್ ಬೇಕಾಗುತ್ತಿತ್ತು. ತಲೆ ಲೆಕ್ಕ ಎಂದಾಯಿತು. ಹಗಲೆಲ್ಲ ಕಚೇರಿಯಲ್ಲಿರುವ ಹುಡುಗರು ಗೊಣಗಿದರು. ಎರಡು ಗಂಟೆ ಎಳೆದಾಡಿ, ಅವರಿಗೆ ತಲೆಗೆ ಮುಕ್ಕಾಲು, ಐದು ವರ್ಷದೊಳಗಿನ ಮಕ್ಕಳಿಗೆ ಇಲ್ಲ ಎಂದು ಒಪ್ಪಿದೆವು. ಈ ಮುಕ್ಕಾಲು ನನಗೆಂದೂ ಹೊಳೆಯುತ್ತಿರಲಿಲ್ಲ.

ಪೆಟ್ಟಿಗೆಯ ಬೀಗ ತೆಗೆದೆ. ಮೊದಲ ವಾರವೇ ಯಾರೋ ಮೋಟಾರು ಹಾಕಿ ಮರೆತು, ತಾರಸಿಯಿಂದ ನೀರು ಬೀದಿಗೆ ಸುರಿಯಿತು. ಬೀಗ ಹುಡುಕಲು ಒಳಗೆ ಹೋದವನೇ ನಾನು. ಅಷ್ಟರಲ್ಲಿ ಹುಡುಗರು, ಟ್ಯಾಂಕು ತುಂಬಿದರೆ ತಾನೇ ನಿಲ್ಲುವ ಸ್ವಿಚ್ಚಿನ ಬೆಲೆ ವಿಚಾರಿಸಿ ಬಂದಿದ್ದರು. ಹಣ ಯಾರದು? ಕಟ್ಟಡದಲ್ಲೇ ಉಳಿಯುವ ವಸ್ತುವಿಗೆ ಮಾಲೀಕ, ಬಳಸಿ ಮುಗಿಯುವುದಕ್ಕೆ ಎಲ್ಲರೂ ಎಂದು ಶಿಕ್ಷಕಿ ಗೆರೆ ಎಳೆದರು. ಕೊಟ್ಟೆ.

ಲೆಕ್ಕದ ಪುಸ್ತಕ ಈಗ ಆ ಹುಡುಗರ ಹತ್ತಿರವಿದೆ. ಹೋದ ತಿಂಗಳು ನನ್ನ ಪಾಲು ಕೊಡುವುದು ತಡವಾಯಿತು. ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಬಾಗಿಲು ತೆರೆದರೆ ಚೀಟಿ ಸಿಕ್ಕಿಸಿದ್ದರು.