ಮೊಬೈಲ್, ಫ್ಲೆಕ್ಸ್, ಪಾಂಪ್ಲೆಟ್: ತೊಗರಿ ಬೇಳೆಯ ಹಳದಿ ಒಂದೇ ಕಾಣಬೇಕಾದರೆ

"ಮೊಬೈಲ್‌ದಾಗ ಛಲೋ ಕಾಣಸ್ತಿತ್ತು, ಫ್ಲೆಕ್ಸ್‌ದಾಗ ಯಾಕ ಮಬ್ಬ ಆಗೇದ್ರಿ?" ಕಲಬುರಗಿಯಲ್ಲಿ ಡಿಸೈನ್ ಅಂಗಡಿ ಇಟ್ಟವರಿಗೆ ಈ ಪ್ರಶ್ನೆ ಹೊಸದಲ್ಲ. ದಾಲ್ ಮಿಲ್‌ನವರ ಕೆಲಸವನ್ನೇ ತೆಗೆದುಕೊಳ್ಳಿ. ಅದೇ ಬೇಳೆಯ ಹಳದಿ ವಾಟ್ಸಾಪ್ ಚಿತ್ರದಲ್ಲಿ, ಆರ್ಟ್ ಪೇಪರ್ ಪಾಂಪ್ಲೆಟ್‌ನಲ್ಲಿ, ಜಾತ್ರೆಗೆ ಕಟ್ಟುವ ಫ್ಲೆಕ್ಸ್‌ನಲ್ಲಿ ಒಂದೇ ಆಗಿ ಕಾಣಬೇಕು. ಹೆಚ್ಚಿನವರು ಎಲ್ಲ ಕಡೆ ಒಂದೇ ಸಿಎಂವೈಕೆ (ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ಕಡುಗುಲಾಬಿ, ಹಳದಿ, ಕಪ್ಪು, ಈ ನಾಲ್ಕು ಶಾಯಿಗಳ) ನಂಬರ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ತಪ್ಪಾಗುವುದು ಅಲ್ಲೇ. ಸಿಎಂವೈಕೆ ನಂಬರ್ ಅಂದರೆ ಯಂತ್ರಕ್ಕೆ ಹೇಳುವ ಶಾಯಿಯ ಅಳತೆ, ಬಣ್ಣವಲ್ಲ. ಶಾಯಿ, ಕಾಗದ, ಯಂತ್ರ ಬದಲಾದರೆ ಅದೇ ಅಳತೆಗೆ ಬೇರೆ ಬಣ್ಣ ಬರುತ್ತದೆ. ಕಣ್ಣಿಗೆ ಒಂದೇ ಕಾಣಬೇಕಾದರೆ ನಂಬರ್ ಬೇರೆ ಬೇರೆ ಇರಲೇಬೇಕು.

ಮೊದಲು ಕೈಯಲ್ಲಿ ಹಿಡಿಯುವ ಮಾದರಿ ಒಂದು ಬೇಕು. ಗ್ರಾಹಕರ ಹಳೆಯ ಪೊಟ್ಟಣ, ಪ್ಯಾಂಟೋನ್ ಕಂಪನಿಯ ಅಚ್ಚಾದ ಬಣ್ಣದ ಚೀಟಿ, ಅವರು ಸಹಿ ಹಾಕಿದ ಪ್ರೂಫ್ (ಪರೀಕ್ಷೆಯ ಪ್ರಿಂಟ್), ಯಾವುದಾದರೂ ಸರಿ. ಮೊಬೈಲ್ ಪರದೆಯನ್ನು ಮಾತ್ರ ಮಾದರಿ ಎಂದು ಒಪ್ಪಬೇಡಿ. ಪರದೆ ತಾನೇ ಬೆಳಕು ಬೀರುತ್ತದೆ, ಶಾಯಿ ಬಿದ್ದ ಬೆಳಕನ್ನು ವಾಪಸ್ ಕೊಡುತ್ತದೆ. ಪರದೆಯ ಮಿಂಚು ಹಸಿರು ಸಿಎಂವೈಕೆ ಶಾಯಿಗಳಿಂದ ಬರುವುದಿಲ್ಲ, ಇದನ್ನು ಆರ್ಡರ್ ತೆಗೆದುಕೊಳ್ಳುವಾಗಲೇ ಹೇಳಿಬಿಡಿ.

ಮಾದರಿ ನೋಡುವ ಬೆಳಕೂ ಒಂದೇ ಇರಲಿ. ಅಂಗಡಿಯ ಬಿಳಿ ಟ್ಯೂಬ್ ಸಾಮಾನ್ಯವಾಗಿ 6500ಕೆ (ಕೆಲ್ವಿನ್; ಈ ನಂಬರ್ ಏರಿದಷ್ಟೂ ಬೆಳಕು ನೀಲಿಗೆ ವಾಲುತ್ತದೆ), ಅದರ ಕೆಳಗೆ ಹಳದಿ ತಣ್ಣಗೆ ಕಾಣುತ್ತದೆ. ಮನೆಯ ಹಳದಿ ಬಲ್ಬಿನಡಿ ಅದೇ ಹಳದಿ ಕೇಸರಿಗೆ ವಾಲುತ್ತದೆ. 5000ಕೆ, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕಿಂತ ಮೇಲಿನ ಒಂದು ಎಲ್‌ಇಡಿ ಟ್ಯೂಬನ್ನು ಟೇಬಲ್ ಮೇಲೆ ಹಾಕಿಸಿ. ಒಪ್ಪಿಗೆ ಕೊಡುವ ಮುಂಚೆ ಹೊರಗಿನ ನೆರಳಿನಲ್ಲೂ ಒಮ್ಮೆ ನೋಡಿ: ಒಳಗೆ ಜೋಡಿಯಾದ ಎರಡು ಬಣ್ಣ ಹೊರಗೆ ಬೇರೆಯಾಗುವುದುಂಟು. ಇದು ಪ್ರಿಂಟರ್‌ನ ತಪ್ಪಲ್ಲ, ಎರಡು ಶಾಯಿಗಳ ಗುಣ.

ಮಾನಿಟರ್‌ಗೆ ಅಳತೆಗಳು ಇಷ್ಟೇ: ಬಿಳುಪು ಡಿ65 (ಸುಮಾರು 6500ಕೆಯ ಹಗಲು ಬಿಳುಪು), ಗಾಮಾ (ನಡುವಿನ ಛಾಯೆಗಳ ಏರಿಳಿತ) 2.2, ಪ್ರಕಾಶ ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾ. ಅಂಗಡಿಗಳಲ್ಲಿ ಪ್ರಕಾಶ ಪೂರ್ತಿ ಏರಿಸಿ ಇಟ್ಟಿರುತ್ತಾರೆ, ಪ್ರಿಂಟ್ ಕಪ್ಪಾಯಿತು ಎಂಬ ದೂರಿಗೆ ಅರ್ಧ ಕಾರಣ ಅದೇ. ಕ್ಯಾಲಿಬ್ರೇಟರ್ (ಪರದೆಯ ಬಣ್ಣ ಅಳೆಯುವ ಉಪಕರಣ) ಇದ್ದರೆ ಪರದೆ ಅರ್ಧ ಗಂಟೆ ಉರಿದು ಬಿಸಿಯಾದ ಮೇಲೆ ತಿಂಗಳಿಗೊಮ್ಮೆ ಅಳೆಯಿರಿ.

ಮೂಲ ಫೈಲ್ ಎಸ್‌ಆರ್‌ಜಿಬಿಯಲ್ಲೇ (ಪರದೆಗಳ ಸಾಮಾನ್ಯ ಕೆಂಪು-ಹಸಿರು-ನೀಲಿ ಬಣ್ಣಪದ್ಧತಿ) ಇರಲಿ, ಸಿಎಂವೈಕೆಗೆ ಕೊನೆಗೆ, ಆಯಾ ಯಂತ್ರದ ಪ್ರೊಫೈಲ್‌ಗೆ (ಯಾವ ನಂಬರಿಗೆ ಯಾವ ಬಣ್ಣ ಎಂದು ಹೇಳುವ ಫೈಲ್) ತಕ್ಕಂತೆ ಬದಲಿಸಿ. ಬದಲಿಸುವಾಗ ಸಾಫ್ಟ್‌ವೇರ್ ಕೇಳುವ ವಿಧಾನದಲ್ಲಿ ಫೋಟೋಗೆ ಪರ್ಸೆಪ್ಚುವಲ್, ಲೋಗೋ ಮತ್ತು ಸಪಾಟು ಬಣ್ಣಕ್ಕೆ ರಿಲೇಟಿವ್ ಕಲರಿಮೆಟ್ರಿಕ್ ಜೊತೆಗೆ ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಷನ್. ಡಿಸೈನ್ ಮಾಡುವ ಕೋರೆಲ್‌ನಲ್ಲಿ ಇಟ್ಟ ಸಿಎಂವೈಕೆ ಪ್ರೊಫೈಲ್ ಒಂದು, ರಿಪ್‌ನ (ಫೈಲನ್ನು ಪ್ರಿಂಟರ್‌ಗೆ ಸಿದ್ಧಪಡಿಸುವ ಸಾಫ್ಟ್‌ವೇರ್) ಇನ್‌ಪುಟ್ ಪ್ರೊಫೈಲ್ ಇನ್ನೊಂದು ಆದರೆ ನಿಮ್ಮ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಫ್ಲೆಕ್ಸ್‌ನವರಿಗೆ ಫೋನ್ ಮಾಡಿ ರಿಪ್‌ನಲ್ಲಿ ಏನು ಇಟ್ಟಿದ್ದಾರೆ ಎಂದು ಕೇಳುವುದಕ್ಕೆ ಒಂದು ನಿಮಿಷ ಸಾಕು. ಆ ಒಂದು ನಿಮಿಷ ಯಾರೂ ಕೊಡುವುದಿಲ್ಲ.

ಈಗ ಫ್ಲೆಕ್ಸ್. ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಇಲ್ಲದ ಅಂಗಡಿಗೂ ಆಗುವ ದಾರಿ ಇದು. ಒಂದು ಇಂಚಿನ ಚೌಕಗಳನ್ನು ಮಾಡಿ: ಅಡ್ಡಕ್ಕೆ ಮೆಜೆಂಟಾ 15, 20, 25, 30, 35; ಉದ್ದಕ್ಕೆ ಹಳದಿ 80, 90, 100. ಸಯಾನ್, ಕಪ್ಪು ಎರಡೂ ಸೊನ್ನೆ. ಒಟ್ಟು 15 ಚೌಕ, ಪ್ರತಿಯೊಂದರ ಕೆಳಗೆ ಅದರ ನಂಬರ್. ನಿಜವಾದ ಕೆಲಸಕ್ಕೆ ಬಳಸುವ ಅದೇ ಫ್ಲೆಕ್ಸ್ ಮೇಲೆ, ಅದೇ ಪಾಸ್‌ನಲ್ಲಿ (ಪ್ರಿಂಟ್ ಹೆಡ್ ಒಂದೇ ಜಾಗದ ಮೇಲೆ ಓಡುವ ಸಲ) ಹೊಡೆಯಿರಿ. 2 ಪಾಸ್‌ನ ಹಳದಿ 4 ಪಾಸ್‌ನಲ್ಲಿ ಬರುವುದಿಲ್ಲ, ನಾರ್ಮಲ್ ಫ್ಲೆಕ್ಸ್‌ನದು ಸ್ಟಾರ್ ಫ್ಲೆಕ್ಸ್‌ನಲ್ಲಿ ಬರುವುದಿಲ್ಲ. ಒಣಗಿದ ಮೇಲೆ ಮಾದರಿಯನ್ನು ಪಕ್ಕಕ್ಕಿಟ್ಟು ನಾಲ್ಕೈದು ಹೆಜ್ಜೆ ಹಿಂದೆ ಸರಿದು ನೋಡಿ. ಹೊಂದುವ ಚೌಕದ ನಂಬರೇ ಆ ಫ್ಲೆಕ್ಸ್‌ಗೆ ನಿಮ್ಮ ಹಳದಿ. ಹಾಳೆಯ ಮೇಲೆ ಮಾಲು, ಪಾಸ್, ತಾರೀಖು ಬರೆದು ಕಪಾಟಿನೊಳಗೆ ಇಡಿ. ಬಿಸಿಲಿಗೆ ತೂಗುಹಾಕಿದರೆ ಮಾಸಿಹೋಗುತ್ತದೆ.

ಸಯಾನ್ ಸೊನ್ನೆ ಎಂದದ್ದಕ್ಕೆ ಕಾರಣವಿದೆ. ಆರ್‌ಜಿಬಿಯಿಂದ ಬದಲಿಸಿದಾಗ ಹಳದಿಯೊಳಗೆ 4, 5 ಪರ್ಸೆಂಟ್ ಸಯಾನ್ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಪಾಂಪ್ಲೆಟ್ ಅಚ್ಚಾಗುವ ಆಫ್‌ಸೆಟ್‌ನಲ್ಲಿ ಅದು ಅಷ್ಟಾಗಿ ಗೊತ್ತಾಗದು. ಫ್ಲೆಕ್ಸ್‌ನ ದಪ್ಪ ಹನಿಗಳಲ್ಲಿ ಮಾತ್ರ ಹತ್ತಿರದಿಂದ ನೋಡಿದರೆ ಬೇಳೆಯ ಮೇಲೆ ಸಾಸಿವೆ ಚೆಲ್ಲಿದಂತೆ ಹಸಿರು ಚುಕ್ಕೆ, ದೂರದಿಂದ ನೋಡಿದರೆ ಹಳಸಿದ ಬಣ್ಣ. ಫೋಟೋದಲ್ಲಾದರೆ ಬಣ್ಣ ಏರಿಳಿಸುವ ಕರ್ವ್ಸ್ ತೆರೆದು ಬೇಳೆಯ ಬೆಳಕಿನ ಭಾಗದಲ್ಲಿ ಸಯಾನ್ ಇಳಿಸಿ.

ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಫ್ಲೆಕ್ಸ್ ಶಾಯಿಯ ಸಾಲ್ವೆಂಟ್ (ದ್ರಾವಕ) ಬೇಗ ಹಾರಿ, ಶಾಯಿ ಚಿಮ್ಮುವ ಸಣ್ಣ ರಂಧ್ರವಾದ ನಾಜಲ್‌ನಲ್ಲಿ ಶಾಯಿ ಒಣಗುತ್ತದೆ. ಮೆಜೆಂಟಾದ ನಾಲ್ಕು ನಾಜಲ್ ಕಟ್ಟಿದರೆ ಬೇಳೆ ನಿಂಬೆ ಬಣ್ಣಕ್ಕೆ ತಿರುಗುತ್ತದೆ. ಜನ ಫೈಲ್ ತಿದ್ದುತ್ತಾ ಕೂರುತ್ತಾರೆ. ಮೊದಲು ನಾಜಲ್ ಚೆಕ್, ಆಮೇಲೆ ಫೈಲ್.

ಆಫ್‌ಸೆಟ್‌ನಲ್ಲಿ ಆರ್ಟ್ ಪೇಪರ್‌ಗೆ ನಾಲ್ಕೂ ಶಾಯಿಯ ಒಟ್ಟು ಮೊತ್ತ 300 ಪರ್ಸೆಂಟ್ ದಾಟಿಸಬೇಡಿ, ಪತ್ರಿಕೆ ಜಾಹೀರಾತಿಗೆ 240. ಹೊಳಪಿಲ್ಲದ ಮ್ಯಾಪ್‌ಲಿಥೋ ಕಾಗದ ಶಾಯಿ ಕುಡಿಯುತ್ತದೆ, ಬಣ್ಣ ಮಂಕಾಗುತ್ತದೆ. ಹಸಿ ಹಾಳೆ ನೋಡಿ ಒಪ್ಪಿಗೆ ಕೊಡಬೇಡಿ, ಒಣಗಿದಾಗ ಹೊಳಪು ಇಳಿಯುತ್ತದೆ. ಲ್ಯಾಮಿನೇಷನ್ ಇದ್ದರೆ ಮಾದರಿಗೂ ಲ್ಯಾಮಿನೇಷನ್ ಮಾಡಿಸಿಯೇ ಹೋಲಿಸಿ.

ಹಳದಿಗಿಂತ ಕಷ್ಟದ್ದು ಬೂದು. ಶಹಾಬಾದ್ ಫರಸಿಯ ಕ್ಯಾಟಲಾಗ್ ಮಾಡಿದವರಿಗೆ ಗೊತ್ತು: ಕಲ್ಲು ಒಂದು ಪುಟದಲ್ಲಿ ಗುಲಾಬಿ, ಇನ್ನೊಂದರಲ್ಲಿ ಹಸಿರು. ಸಿ50 ಎಂ50 ವೈ50 ಕೊಟ್ಟರೆ ಬೂದು ಬರುವುದಿಲ್ಲ, ಕಂದು ಬರುತ್ತದೆ. ಆರ್ಟ್ ಪೇಪರ್ ಮೇಲೆ ಸಿ50 ಎಂ40 ವೈ40 ಹತ್ತಿರದ್ದು. ಇನ್ನೂ ಒಳ್ಳೆಯದು, ಬಣ್ಣಗಳನ್ನು ನಾಲ್ಕು ಶಾಯಿಗಳಾಗಿ ಪ್ರತ್ಯೇಕಿಸುವಾಗ ಜಿಸಿಆರ್ (ಮೂರು ಬಣ್ಣದ ಬೂದಿನ ಬದಲು ಕಪ್ಪು ಶಾಯಿ ಬಳಸುವ ವಿಧಾನ) ಹೆಚ್ಚಿಸಿ ಬೂದಿನ ಭಾರವನ್ನು ಕಪ್ಪು ಶಾಯಿಗೇ ಹೊರಿಸುವುದು. ಆಗ ಮೂರು ಬಣ್ಣ ಸ್ವಲ್ಪ ಏರುಪೇರಾದರೂ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ. ಬೀದರಿನ ಬಿದ್ರಿ ಹೂಜಿಯ ಕಪ್ಪು ಇದಕ್ಕೆ ವಿರುದ್ಧ: ಬರೀ ಕೆ100 ಹಾಕಿದರೆ ಇದ್ದಿಲಿನಂತೆ ಕಾಣುತ್ತದೆ, ಸಿ60 ಎಂ40 ವೈ40 ಕೆ100 ಕೊಡಿ. ಸಣ್ಣ ಅಕ್ಷರಕ್ಕೆ ಮಾತ್ರ ಕೆ100 ಒಂದೇ. ನಾಲ್ಕೂ ಬಣ್ಣ ಹಾಕಿದರೆ ರಿಜಿಸ್ಟ್ರೇಷನ್ (ನಾಲ್ಕು ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದು) ಕದಲಿದಾಗ ಒತ್ತಕ್ಷರಗಳಿಗೆ ಬಣ್ಣದ ನೆರಳು ಮೂಡುತ್ತದೆ.

ಮೊಬೈಲ್‌ಗೆ ಕಳಿಸುವ ಫೈಲ್ ಎಸ್‌ಆರ್‌ಜಿಬಿ ಜೆಪೆಗ್ ಆಗಿರಲಿ, ಪ್ರೊಫೈಲ್ ಸೇರಿಸಿ, ವಾಟ್ಸಾಪ್‌ನಲ್ಲಿ ಫೋಟೋ ಎಂದು ಅಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ಸಿಎಂವೈಕೆ ಜೆಪೆಗ್ ಕಳಿಸಿದರೆ ಎಷ್ಟೋ ಫೋನ್‌ಗಳಲ್ಲಿ ಬೇಳೆ ಕಣ್ಣು ಕುಕ್ಕುವಂತೆ ಕಾಣುತ್ತದೆ. ನೋಡುವವರ ಫೋನಿನಲ್ಲಿ ವಿವಿಡ್ ಮೋಡ್ ತೆಗೆದು ನ್ಯಾಚುರಲ್ ಇಡಲು ಹೇಳಿ, ರಾತ್ರಿಯ ಕಣ್ಣು ರಕ್ಷಣೆಯ ಹಳದಿ ಪರದೆ ಆಫ್ ಮಾಡಿರಲಿ. ಸಂದೇಶದ ಜೊತೆಗೆ ಒಂದು ಸಾಲು ಬರೆಯಿರಿ: "ಬಣ್ಣಕ್ಕೆ ಒಪ್ಪಿಗೆ ಅಂಗಡಿಯಲ್ಲಿಟ್ಟ ಪ್ರೂಫ್ ನೋಡಿ ಕೊಡಿ, ಇದು ಅಕ್ಷರ ತಪ್ಪು ನೋಡಲು ಮಾತ್ರ."